ಓದುಗರ ಪ್ರಶ್ನೆ, ತಜ್ಞರ ಉತ್ತರ: ರಾತ್ರಿ ಹತ್ತರ ಮೇಲೆ ಮೊಬೈಲು

ಈ ಸಲ ಕೊಡಗಿನ ಓದುಗರ ಐದು ಪತ್ರಗಳು. ಎಲ್ಲದರ ವಿಷಯವೂ ಬಿಡಲಾಗದ ಲೈಂಗಿಕ ಚಟ. ಬರೆದವರ ಗುರುತು ಸಿಗದಂತೆ ವಯಸ್ಸು, ಊರು, ಕೆಲಸಗಳನ್ನು ತುಸು ಬದಲಿಸಿದ್ದೇವೆ. ಉತ್ತರಿಸಿದವರು ಒಬ್ಬ ಮನೋವೈದ್ಯರು ಮತ್ತು ಒಬ್ಬ ಆಪ್ತಸಮಾಲೋಚಕಿ.

ಪ್ರಶ್ನೆ: ನನಗೆ 27. ವಿರಾಜಪೇಟೆ ತಾಲ್ಲೂಕಿನ ಕಾಫಿ ತೋಟವೊಂದರಲ್ಲಿ ರೈಟರ್ ಕೆಲಸ. ಪಿಯುಸಿಯಿಂದಲೂ ಅಶ್ಲೀಲ ವಿಡಿಯೊ ನೋಡಿ ಹಸ್ತಮೈಥುನ ಮಾಡಿಕೊಳ್ಳುವ ಅಭ್ಯಾಸ. ಆಗ ಹತ್ತು ನಿಮಿಷಕ್ಕೆ ಮುಗಿಯುತ್ತಿತ್ತು. ಈಗ ರಾತ್ರಿ ಹತ್ತಕ್ಕೆ ಮೊಬೈಲ್ ಹಿಡಿದರೆ ಒಂದೂವರೆ ಆಗುತ್ತದೆ. ಬೆಳಗ್ಗೆ ಹಾಜರಿ ಹಾಕುವಾಗ ಕಣ್ಣು ಉರಿ. ಕೂಲಿ ಲೆಕ್ಕ ತಪ್ಪಿ ಸಾಹುಕಾರರಿಂದ ಬೈಸಿಕೊಂಡೂ ಆಯಿತು. ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ಮುಳುಗು ಹಾಕಿ, ಇನ್ನು ಮುಟ್ಟುವುದಿಲ್ಲ ಅಂತ ಆಣೆ ಇಟ್ಟೆ. ಹನ್ನೊಂದು ದಿನ ನಡೆಯಿತು. ಆಮೇಲೆ ಮೊದಲಿಗಿಂತ ಜಾಸ್ತಿಯಾಯಿತು. ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ. ನನ್ನದು ರೋಗವಾ? ಮನಸ್ಸಿನ ಬಲವೇ ಸತ್ತುಹೋಗಿದೆಯಾ?

ಉತ್ತರ: ರೋಗದ ಮಾತು ಮೊದಲು ಮುಗಿಸೋಣ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೇ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಹತೋಟಿಗೆ ಸಿಗದ ಲೈಂಗಿಕ ವರ್ತನೆಗೆ ಅದರಲ್ಲಿ ಜಾಗ ಸಿಕ್ಕಿದೆ. ಹೆಂಡ, ಗಾಂಜಾ ಚಟಗಳ ಗುಂಪಿನಲ್ಲಿ ಅಲ್ಲ, ತುಡಿತ ತಡೆಯಲಾಗದ ತೊಂದರೆಗಳ ಗುಂಪಿನಲ್ಲಿ. ಅಮೆರಿಕದ ಮನೋವೈದ್ಯರ ಕೈಪಿಡಿ ಇದನ್ನು 2022ರ ಪರಿಷ್ಕರಣೆಯಲ್ಲೂ ಸೇರಿಸಿಕೊಂಡಿಲ್ಲ. ಹಾಗಾಗಿ ಹೆಸರಿನ ಜಗಳ ವೈದ್ಯರಿಗೆ ಬಿಡಿ. ವಾರಕ್ಕೆ ಎಷ್ಟು ಸಲ ಎಂದು ಎಣಿಸಿ ಯಾರೂ ರೋಗ ತೀರ್ಮಾನಿಸುವುದಿಲ್ಲ. ಆರು ತಿಂಗಳಿಗೂ ಹೆಚ್ಚು ಕಾಲದಿಂದ ಕೈಮೀರಿದೆಯೇ, ಬಿಡಲು ಹೋಗಿ ಮತ್ತೆ ಮತ್ತೆ ಸೋತಿದ್ದೀರಾ, ಕೆಲಸ, ನಿದ್ದೆ, ಸಂಬಂಧಗಳು ಕೆಡುತ್ತಿದ್ದರೂ ನಡೆದೇ ಇದೆಯೇ, ಸುಖವೇ ಇಲ್ಲದಿದ್ದರೂ ಮಾಡುತ್ತಿದ್ದೀರಾ ಎಂಬುದು ನೋಡುವ ಅಂಶಗಳು. ಅದೇ ಪಟ್ಟಿಯಲ್ಲಿ ಇನ್ನೊಂದು ಮಾತಿದೆ, ನಮ್ಮ ಕಡೆ ಅದು ಬಹಳ ಮುಖ್ಯ: ‘ಇದು ಪಾಪ’ ಎಂಬ ಕೊರಗು ಒಂದೇ ಇದ್ದು, ಬದುಕಿಗೆ ಬೇರೆ ಪೆಟ್ಟು ಬೀಳದಿದ್ದರೆ ಅದನ್ನು ಈ ರೋಗ ಎನ್ನುವಂತಿಲ್ಲ. ಹಸ್ತಮೈಥುನ ತಾನಾಗಿ ರೋಗವಲ್ಲ. ನಿಮ್ಮ ಪತ್ರದಲ್ಲಿ ತೊಂದರೆ ಇರುವುದು ಮೂರೂವರೆ ಗಂಟೆಯ ಮೊಬೈಲಿನಲ್ಲಿ, ಹೋದ ನಿದ್ದೆಯಲ್ಲಿ, ಬಿಡಲಾಗದ ಸೋಲಿನಲ್ಲಿ.

ಇನ್ನು ಮನಸ್ಸು. ಒಂದು ರಾತ್ರಿಯನ್ನು ಹಿಂದಿನಿಂದ ಬಿಚ್ಚುತ್ತ ಬನ್ನಿ. ಹತ್ತಕ್ಕೆ ಶುರು ಎಂದು ಬರೆದಿದ್ದೀರಿ. ಶುರುವಾಗುವುದು ಹೆಚ್ಚಿನವರಿಗೆ ಅದಕ್ಕಿಂತ ಎಷ್ಟೋ ಮೊದಲು. ಸಂಜೆ ನಾಲ್ಕು ಜನರೆದುರು ಒಂದು ಮಾತು ಕೇಳಿಸಿಕೊಂಡಿರುತ್ತಾರೆ, ತಿರುಗಿ ಮಾತಾಡಿರುವುದಿಲ್ಲ. ಕ್ವಾರ್ಟರ್ಸಿಗೆ ಬಂದರೆ ಮಳೆ, ಕರೆಂಟಿಲ್ಲ. ಒದ್ದೆ ಗಂಬೂಟು ಬಾಗಿಲ ಹೊರಗೆ ಬಿಟ್ಟು, ಬೆಳಗಿನ ಅನ್ನಕ್ಕೆ ಉಪ್ಪಿನಕಾಯಿ ಕಲಸಿ ಉಂಡು ಒಂಬತ್ತಕ್ಕೆ ಹಾಸಿಗೆ. ಇಡೀ ಕೋಣೆಯಲ್ಲಿ ಬೆಳಕಿರುವುದು ಮೊಬೈಲಿನಲ್ಲಿ ಮಾತ್ರ. ಮೊದಲು ವಾಟ್ಸ್ಆ್ಯಪ್ ಸ್ಟೇಟಸ್, ಆಮೇಲೆ ರೀಲ್ಸ್, ರೀಲ್ಸಿನ ನಡುವೆ ಒಂದು ಡಾನ್ಸು, ‘ಐದೇ ನಿಮಿಷ’ ಎಂಬ ಒಳಮಾತು, ಬಾಗಿಲು ಚಿಲಕ ಹಾಕಿದೆಯೇ ಎಂದು ನೋಡಲು ಒಮ್ಮೆ ಏಳುವುದು. ಚಿಲಕ ನೋಡಿ ಬಂದ ಮೇಲೆ ಮನಸ್ಸಿನ ಬಲವನ್ನು ಕರೆದರೆ ಅದು ಬರುವುದಿಲ್ಲ, ಯಾರಿಗೂ ಬರುವುದಿಲ್ಲ. ಹೋರಾಟ ನಡೆಯಬೇಕಾದದ್ದು ಸಂಜೆ ಆರಕ್ಕೆ. ನೀವು ಅದನ್ನು ರಾತ್ರಿ ಹತ್ತೂವರೆಗೆ ಮಾಡುತ್ತಿದ್ದೀರಿ, ಅಷ್ಟೇ. ಬಲ ಸತ್ತಿಲ್ಲ.

ಹತ್ತು ನಿಮಿಷದ್ದು ಮೂರೂವರೆ ಗಂಟೆ ಯಾಕಾಯಿತು? ಮೆದುಳಿನಲ್ಲಿ ‘ಬೇಕು ಬೇಕು’ ಎನ್ನಿಸುವ ಏರ್ಪಾಡು ಬೇರೆ, ‘ಹಾ, ಚೆನ್ನಾಗಿದೆ’ ಎನ್ನಿಸುವುದು ಬೇರೆ. ಕೆಂಟ್ ಬೆರಿಡ್ಜ್ ಮತ್ತು ಟೆರಿ ರಾಬಿನ್ಸನ್ ಎಂಬ ವಿಜ್ಞಾನಿಗಳು 1990ರ ದಶಕದಿಂದ ಇದನ್ನು ತೋರಿಸುತ್ತ ಬಂದಿದ್ದಾರೆ. ಡೋಪಮೈನ್ ಎಂಬ ಮೆದುಳಿನ ರಾಸಾಯನಿಕವನ್ನು ಸುಖದ ರಸ ಎಂದು ಪತ್ರಿಕೆಗಳಲ್ಲಿ ಬರೆಯುತ್ತಾರೆ. ಆದರೆ ಅದರ ಮುಖ್ಯ ಕೆಲಸ ಬೇಕೆನ್ನಿಸುವುದು, ಹುಡುಕಿಸುವುದು. ವುಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಮೊದಮೊದಲು ಹಣ್ಣಿನ ರಸ ಬಾಯಿಗೆ ಬಿದ್ದಾಗ ಡೋಪಮೈನ್ ಕೋಶಗಳು ಚುರುಕಾದವು. ರೂಢಿಯಾದ ಮೇಲೆ, ರಸ ಬರುತ್ತದೆ ಎಂಬ ಸೂಚನೆ ಸಿಕ್ಕ ಕೂಡಲೇ ಚುರುಕಾದವು, ರಸ ಬಂದಾಗ ಸುಮ್ಮನಿದ್ದವು. ನಿಮಗೆ ಕತ್ತಲು, ಹಾಸಿಗೆ, ಕೈಯಲ್ಲಿ ಮೊಬೈಲು, ಇವೇ ಸೂಚನೆ. ಅದರ ಮೇಲೆ ಪ್ರತಿ ಕ್ಲಿಕ್ಕಿಗೂ ಹೊಸ ವಿಡಿಯೊ. ಮುಂದಿನದು ಇನ್ನೂ ಚೆನ್ನಾಗಿರಬಹುದು ಎಂಬ ಅನಿಶ್ಚಿತತೆಯೇ ಹುಡುಕಾಟವನ್ನು ಎಳೆಯುತ್ತದೆ, ಇಸ್ಪೀಟಿನಲ್ಲಿ ಕೂತವರು ಏಳದಿರುವುದೂ ಇದೇ ಕಾರಣಕ್ಕೆ. ಹೀಗೆ ಬೇಕು ಬೆಳೆಯುತ್ತ ಹೋಗುತ್ತದೆ, ಸುಖ ಇದ್ದಲ್ಲೇ ನಿಲ್ಲುತ್ತದೆ ಅಥವಾ ಕುಗ್ಗುತ್ತದೆ.

ಈ ಹುಡುಕಾಟ ಕೆಲವರನ್ನು ತಮಗೇ ಅಸಹ್ಯವೆನಿಸುವ ವಿಡಿಯೊಗಳತ್ತ ಒಯ್ಯುತ್ತದೆ. ಒಂದು ಗೆರೆ ಮಾತ್ರ ಸ್ಪಷ್ಟವಾಗಿರಲಿ. 18ರ ಕೆಳಗಿನ ಮಕ್ಕಳ ಲೈಂಗಿಕ ದೃಶ್ಯ ಹುಡುಕುವುದು, ನೋಡುವುದು, ಇಟ್ಟುಕೊಳ್ಳುವುದು ಐಟಿ ಕಾಯ್ದೆಯ 67ಬಿ ಮತ್ತು ಪೋಕ್ಸೊ ಕಾಯ್ದೆಯ 15ನೇ ಕಲಮಿನಡಿ ಅಪರಾಧ. 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಬಿಗಿಯಾಗಿ ಹೇಳಿದೆ. ಮನಸ್ಸು ಆ ಕಡೆ ಎಳೆಯುತ್ತಿದ್ದರೆ ಕಾಯಬೇಡಿ, ತಕ್ಷಣ ಮನೋವೈದ್ಯರನ್ನು ನೋಡಿ.

ಆಣೆ ಯಾಕೆ ಮುರಿಯಿತು ಎಂಬುದಕ್ಕೂ ಕಾರಣವಿದೆ. ಆಣೆಗೆ ಎರಡೇ ಸ್ಥಿತಿ: ಪೂರ್ತಿ ಉಳಿಯಿತು ಅಥವಾ ಪೂರ್ತಿ ಮುರಿಯಿತು. ಹನ್ನೆರಡನೇ ದಿನ ಒಂದು ಸಲ ಜಾರಿದ ಕೂಡಲೇ ಮನಸ್ಸು ‘ಹೇಗೂ ಹಾಳಾಯ್ತು, ಇನ್ನೇನು’ ಎನ್ನುತ್ತದೆ. ಚಟಗಳ ಚಿಕಿತ್ಸೆಯಲ್ಲಿ ದೊಡ್ಡ ಹೆಸರಾದ ಅಲನ್ ಮಾರ್ಲಾಟ್ ಇದನ್ನು ವಿವರವಾಗಿ ಬರೆದಿದ್ದಾರೆ: ಒಂದು ಜಾರುವಿಕೆಯನ್ನು ಪೂರ್ಣ ಪತನವಾಗಿ ಮಾಡುವುದು ಅದರ ನಂತರ ಬರುವ ನಾಚಿಕೆ, ತನ್ನ ಮೇಲಿನ ಹೇಸಿಗೆ. ನಾಚಿಕೆ ತಡೆಯಲಾಗದ ನೋವು, ನೋವು ಮರೆಯಲು ನಿಮಗೆ ಗೊತ್ತಿರುವ ದಾರಿ ಒಂದೇ. ದೇವರ ಹೆಸರೂ ಸೇರಿಕೊಂಡಾಗ ನಾಚಿಕೆ ಇಮ್ಮಡಿ. ಭಕ್ತಿ ಇರಲಿ, ಕಾವೇರಮ್ಮನನ್ನು ಈ ಲೆಕ್ಕಕ್ಕೆ ಎಳೆಯಬೇಡಿ.

ಈಗ ಮಾಡುವ ಕೆಲಸ. ಮೊದಲ 14 ದಿನ ಬಿಡಲು ಪ್ರಯತ್ನಿಸಬೇಡಿ, ಬರೆಯಿರಿ. ತೋಟದಲ್ಲಿ ಮಳೆಯನ್ನು ಇಂಚು, ಸೆಂಟ್ಸ್‌ನಲ್ಲಿ ದಿನಾ ಬರೆದಿಡುವ ರೂಢಿ ನಿಮಗೆ ಹೇಗೂ ಇದೆ. ಅಂಥದ್ದೇ ಸ್ವಂತದ ಸಣ್ಣ ಪುಸ್ತಕ ಇಟ್ಟುಕೊಂಡರೆ ಕಂಡವರಿಗೂ ಸಂಶಯ ಬಾರದು. ಎಷ್ಟು ಗಂಟೆಗೆ ತುಡಿತ ಬಂತು, ಎಲ್ಲಿದ್ದೆ, ಅದಕ್ಕೆ ಅರ್ಧ ಗಂಟೆ ಮೊದಲು ಏನನ್ನಿಸುತ್ತಿತ್ತು, ತುಡಿತಕ್ಕೆ 0ಯಿಂದ 10ರಲ್ಲಿ ಎಷ್ಟು ಅಂಕ, ಏನು ಮಾಡಿದೆ, ಹತ್ತು ನಿಮಿಷದ ನಂತರ ಏನನ್ನಿಸಿತು. ಆರು ಕಾಲಂ, ಎರಡೆರಡು ಪದ ಸಾಕು. ‘ಕಾಮ’ ಎಂದು ಬರೆದು ಕೈಬಿಡಬೇಡಿ. ಕಾಮದ ಕೆಳಗೆ ಬೇಜಾರು, ಅವಮಾನ, ಒಂಟಿತನ, ಸಿಟ್ಟು, ನಿದ್ದೆಗೇಡು, ನಾಳೆಯ ಭಯ, ಇವುಗಳಲ್ಲಿ ಒಂದಿರುತ್ತದೆ. ಎರಡು ವಾರದ ಪುಟ ಒಟ್ಟಿಗೆ ನೋಡಿದರೆ ಒಂದೋ ಎರಡೋ ಪದ ಮತ್ತೆ ಮತ್ತೆ ಬಂದಿರುತ್ತದೆ. ಅದೇ ನಿಮ್ಮ ಚಟದ ಬೇರು. ಸಾಹುಕಾರರು ಬೈದ ದಿನಗಳಲ್ಲೇ ಹೆಚ್ಚಾಗಿದೆ ಎಂದು ತೋರಿದರೆ ಚಿಕಿತ್ಸೆಯ ಅರ್ಧ ಕೆಲಸ ಸಾಹುಕಾರರ ಜೊತೆ ಮಾತಾಡುವುದನ್ನು ಕಲಿಯುವುದು.

ಎರಡನೆಯದು ಮೊಬೈಲು. ಮಲಗುವ ಕೋಣೆಯಿಂದ ಅದು ಹೊರಗಿರಬೇಕು. ರಾತ್ರಿ ಒಂಬತ್ತಕ್ಕೆ ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ. ‘ಅಲಾರಂ ಬೇಕಲ್ಲ’ ಎಂಬ ನೆಪಕ್ಕೆ ಒಂದು ಅಲಾರಂ ಗಡಿಯಾರ ತನ್ನಿ. ಕರೆಂಟು ಹೋಗುವ ಊರಲ್ಲಿ ಟಾರ್ಚನ್ನೂ ತಲೆದಿಂಬಿನ ಹತ್ತಿರ ಇಟ್ಟುಕೊಳ್ಳಿ, ಇಲ್ಲದಿದ್ದರೆ ಮೊಬೈಲ್ ಟಾರ್ಚಿನ ನೆಪದಲ್ಲಿ ವಾಪಸ್ ಬರುತ್ತದೆ. ಸಿಗ್ನಲ್ ಸಿಗದ ಊರುಗಳಲ್ಲಿ ಡೌನ್‌ಲೋಡ್ ಮಾಡಿಟ್ಟುಕೊಳ್ಳುವವರೇ ಹೆಚ್ಚು. ಮೆಮೊರಿ ಕಾರ್ಡು, ಪೆನ್‌ಡ್ರೈವ್, ಟೆಲಿಗ್ರಾಂ ಗುಂಪು, ಎಲ್ಲವನ್ನೂ ಒಂದೇ ಸಲ ಕೂತು ಅಳಿಸಿ. ಅಳಿಸುವಾಗ ಒಂದನ್ನೂ ತೆರೆದು ನೋಡಬೇಡಿ, ಕೆಲಸ ಕೆಡುವುದು ಅಲ್ಲೇ. ನಂತರ ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವೇಟ್ ಡಿಎನ್‌ಎಸ್’ ಎಂದು ಹುಡುಕಿ, ಹೋಸ್ಟ್‌ನೇಮ್ ಕೇಳುವಲ್ಲಿ ‘ಫ್ಯಾಮಿಲಿ ಡಾಟ್ ಕ್ಲೌಡ್‌ಫ್ಲೇರ್ ಹೈಫನ್ ಡಿಎನ್‌ಎಸ್ ಡಾಟ್ ಕಾಮ್’ ಎಂದು ಇಂಗ್ಲಿಷಿನಲ್ಲಿ ಬರೆಯಿರಿ. ಉಚಿತ. ಮೊಬೈಲ್ ಡೇಟಾಕ್ಕೂ ವೈಫೈಗೂ ಒಟ್ಟಿಗೆ ಅನ್ವಯಿಸುತ್ತದೆ, ಬಹುತೇಕ ಅಶ್ಲೀಲ ತಾಣಗಳು ತೆರೆಯುವುದಿಲ್ಲ. ಟೆಲಿಗ್ರಾಂ, ಇನ್‌ಸ್ಟಾಗ್ರಾಂ ಒಳಗಿನದನ್ನು ಇದು ತಡೆಯದು, ವಿಪಿಎನ್ ಹಾಕಿದರೆ ದಾಟಿಯೂ ಹೋಗಬಹುದು. ಬೇಲಿ ಹಾರಲಾಗದು ಎಂದಲ್ಲ, ಹಾರಲು ಎರಡು ನಿಮಿಷ ಹಿಡಿಯಲಿ ಎಂದು ಇದನ್ನು ಹಾಕುವುದು. ಆ ಎರಡು ನಿಮಿಷದಲ್ಲೇ ಮುಂದಿನ ಕೆಲಸ ನಡೆಯಬೇಕು.

ತುಡಿತ ಬಂದಾಗ ‘ಯೋಚಿಸಬಾರದು’ ಎಂದು ಅದುಮಬೇಡಿ. ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ ಎಂದು ಹೇಳಿದವರಿಗೆ ಬಿಳಿ ಕರಡಿಯೇ ನೆನಪಾಗುತ್ತಿತ್ತು ಎಂದು ಡೇನಿಯಲ್ ವೆಗ್ನರ್ ಎಂಬ ಮನೋವಿಜ್ಞಾನಿ 1987ರಲ್ಲೇ ತೋರಿಸಿದ್ದಾರೆ. ಬದಲಿಗೆ ಮಾರ್ಲಾಟ್ ಹೇಳಿಕೊಟ್ಟ ದಾರಿ: ಎದ್ದು ಕೂತುಕೊಳ್ಳಿ. ದೀಪವೋ ಮೇಣದಬತ್ತಿಯೋ ಹಚ್ಚಿ. ತುಡಿತ ಮೈಯಲ್ಲಿ ಎಲ್ಲಿದೆ ಎಂದು ಹುಡುಕಿ. ಕೆಳಹೊಟ್ಟೆಯ ಬಿಗಿತವೇ, ಎದೆಬಡಿತವೇ, ಗಂಟಲು ಒಣಗಿದೆಯೇ, ಕೈ ಚಡಪಡಿಸುತ್ತಿದೆಯೇ. 8 ಅಂಕ, ಈಗ 9, ಈಗ 7 ಎಂದು ಎರಡೆರಡು ನಿಮಿಷಕ್ಕೆ ಮನಸ್ಸಿನಲ್ಲೇ ಅಂಕ ಹಾಕುತ್ತ ಇರಿ. ಉಸಿರು ಒಳಗೆ 4 ಎಣಿಕೆ, ಹೊರಗೆ 6. ಊದಿ ಬೆಂಕಿ ಹೆಚ್ಚು ಮಾಡದಿದ್ದರೆ ಹೆಚ್ಚಿನ ತುಡಿತಗಳು 20–30 ನಿಮಿಷದಲ್ಲಿ ಏರಿ ಇಳಿಯುತ್ತವೆ. ಕಕ್ಕಡ ತಿಂಗಳ ಮಳೆಯಲ್ಲಿ ಭಾಗಮಂಡಲದ ಸಂಗಮ ಏರಿದಾಗ ಯಾರೂ ನೀರನ್ನು ತಳ್ಳಲು ಹೋಗುವುದಿಲ್ಲ, ಇಳಿಯುವವರೆಗೆ ಈ ದಡದಲ್ಲಿ ಕಾಯುತ್ತಾರೆ. ಇದೂ ಹಾಗೇ. ಮೊದಲ ನಾಲ್ಕೈದು ಸಲ ಕಷ್ಟ. ಒಂದು ಸಲ ತುಡಿತ ತಾನಾಗಿ ಇಳಿಯುವುದನ್ನು ಕಣ್ಣಾರೆ ಕಂಡ ಮೇಲೆ ‘ಮಾಡದಿದ್ದರೆ ಸತ್ತೇಹೋಗುತ್ತೇನೆ’ ಎಂಬ ಭಾವ ಸಡಿಲಾಗುತ್ತದೆ.

ಜೊತೆಗೆ ‘ಹೀಗಾದರೆ ಹೀಗೆ’ ಎಂಬ ಮೂರು ವಾಕ್ಯ ಬರೆದು ಗೋಡೆಗೋ ಪರ್ಸಿಗೋ ಹಾಕಿ. ಪೀಟರ್ ಗಾಲ್ವಿಟ್ಜರ್ ಎಂಬ ಮನೋವಿಜ್ಞಾನಿ ಅಧ್ಯಯನ ಮಾಡಿದ ವಿಧಾನ ಇದು. ‘ಇನ್ನು ಗಟ್ಟಿಯಾಗಿರುತ್ತೇನೆ’ ಎಂಬ ಸಂಕಲ್ಪಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ‘ಬೈಸಿಕೊಂಡು ಬಂದ ಸಂಜೆ ಕ್ವಾರ್ಟರ್ಸಿಗೆ ನೇರ ಹೋಗದೆ ಶಾಲೆ ಮೈದಾನದಲ್ಲಿ ಹಾಕಿ ಆಡುವವರ ಜೊತೆ ಅರ್ಧ ಗಂಟೆ ನಿಲ್ಲುತ್ತೇನೆ.’ ‘ಮಳೆ ಹಿಡಿದಿದ್ದರೆ ಅಕ್ಕನಿಗೆ ಫೋನ್ ಮಾಡುತ್ತೇನೆ, ಮಾತು ಮುಗಿದ ಕೂಡಲೇ ಫೋನು ಅಡುಗೆಮನೆಗೆ.’ ಹೀಗೆ ಜಾಗ, ಹೊತ್ತು, ಕೆಲಸ ಮೂರೂ ಇರಬೇಕು. ‘ಒಳ್ಳೆಯ ಪುಸ್ತಕ ಓದುತ್ತೇನೆ’ ಎಂಬಂಥವು ಎರಡನೇ ದಿನಕ್ಕೆ ಸಾಯುತ್ತವೆ.

ಕುಡಿತದ ಬಗ್ಗೆ ನೀವು ಬರೆದಿಲ್ಲ, ನಾವೇ ಕೇಳುತ್ತಿದ್ದೇವೆ. ಕೊಡಗಿನ ಚಳಿ, ಮಳೆಗೆ ಎರಡು ಪೆಗ್ ಎಂಬುದು ಯಾರಿಗೂ ದೊಡ್ಡ ಸಂಗತಿಯಲ್ಲ. ಆದರೆ ತಡೆಯುವ ಮೆದುಳನ್ನು ಮೊದಲು ಮಲಗಿಸುವುದೇ ಆ ಎರಡು ಪೆಗ್. ಪುಸ್ತಕದಲ್ಲಿ ಅದಕ್ಕೂ ಒಂದು ಗುರುತು ಹಾಕಿ.

ಜಾರಿದರೆ? ಜಾರುತ್ತೀರಿ. ಆಗ ಮಾಡುವುದು ಇಷ್ಟು: ಫೋನ್ ಅಡುಗೆಮನೆಗೆ, ಮುಖ ತೊಳೆಯಿರಿ, ಪುಸ್ತಕದಲ್ಲಿ ಮೂರು ಸಾಲು ಬರೆಯಿರಿ, ಮಲಗಿ. ಮಾರನೆಯ ದಿನ ಉಪವಾಸ, ತಣ್ಣೀರು ಸ್ನಾನ, ಹೊಸ ಆಣೆ ಯಾವುದೂ ಬೇಡ. ದಿನ ಎಣಿಸುವ ಆ್ಯಪ್‌ಗಳ ಬಗ್ಗೆ ನಮಗೆ ಅಷ್ಟು ಒಲವಿಲ್ಲ. ಒಂದು ಜಾರುವಿಕೆಗೆ ಲೆಕ್ಕ ಸೊನ್ನೆಗೆ ಬಂದರೆ ಆಣೆಯ ಕಥೆಯೇ ಮರುಕಳಿಸುತ್ತದೆ. ತಿಂಗಳಲ್ಲಿ ಎಷ್ಟು ರಾತ್ರಿ ಹನ್ನೊಂದರೊಳಗೆ ನಿದ್ದೆ ಮಾಡಿದೆ ಎಂದು ಎಣಿಸಿ. ‘90 ದಿನಕ್ಕೆ ಮೆದುಳು ರೀಸೆಟ್’ ಎಂಬುದಕ್ಕೂ ಗಟ್ಟಿ ಆಧಾರವಿಲ್ಲ. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ತಂಡ ಹೊಸ ಅಭ್ಯಾಸ ಕೂರಲು ಎಷ್ಟು ದಿನ ಬೇಕೆಂದು ನೋಡಿದಾಗ ಸರಾಸರಿ 66 ದಿನ ಬಂತು, ಆದರೆ ಒಬ್ಬೊಬ್ಬರಿಗೂ 18ರಿಂದ 254 ದಿನಗಳವರೆಗೆ ವ್ಯತ್ಯಾಸವಿತ್ತು. ಅವು ನೀರು ಕುಡಿಯುವುದು, ನಡೆಯುವುದು ಥರದ ಸರಳ ಅಭ್ಯಾಸಗಳು. ಮೊದಲ ಎರಡು ವಾರ ಸಿಡುಕು, ನಿದ್ದೆ ಬಾರದಿರುವುದು ಸಹಜ. ಕೆಲವರಿಗೆ ಲೈಂಗಿಕ ಆಸೆಯೇ ಕೆಲವು ವಾರ ಮಂಕಾಗುತ್ತದೆ, ‘ನಾನು ಗಂಡಸಾಗಿ ಉಳಿದಿಲ್ಲ’ ಎಂದು ಹೆದರಿ ಪರೀಕ್ಷೆ ಮಾಡಲು ಮತ್ತೆ ವಿಡಿಯೊ ಹಾಕುತ್ತಾರೆ. ಆ ಪರೀಕ್ಷೆ ಬೇಡ.

ಎಂಟು ವಾರ ಹೀಗೆ ಮಾಡಿಯೂ ಏನೂ ಕದಲದಿದ್ದರೆ, ಅಥವಾ ಬದುಕೇ ಬೇಡ ಅನ್ನಿಸುತ್ತಿದ್ದರೆ ಅಷ್ಟು ದಿನವೂ ಕಾಯದೆ, ಚಿಕಿತ್ಸೆಗೆ ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416 ದಿನವಿಡೀ ಉಚಿತ, ಕನ್ನಡದಲ್ಲಿ ಮಾತಾಡುತ್ತಾರೆ, ಹೆಸರು ಹೇಳಲೇಬೇಕೆಂದಿಲ್ಲ. ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಸಾಲಿನಲ್ಲಿ ಪರಿಚಯದವರು ಸಿಕ್ಕೇ ಸಿಗುವ ಜಿಲ್ಲೆ ನಮ್ಮದು. ಚೀಟಿ ಮಾಡಿಸುವಾಗ ‘ನಿದ್ದೆ ಬರುವುದಿಲ್ಲ’ ಎಂದರೆ ಸಾಕು, ಉಳಿದದ್ದು ಬಾಗಿಲು ಮುಚ್ಚಿದ ಮೇಲೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಅಲ್ಲಿ ಹೇಳಿದ್ದು ಗುಟ್ಟಾಗಿರಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್ನೆಟ್ ಗೀಳಿಗೆಂದೇ ‘ಶಟ್ ಕ್ಲಿನಿಕ್’ 2014ರಿಂದ ಇದೆ. ಖಿನ್ನತೆ, ಆತಂಕ ಜೊತೆಗಿದ್ದರೆ ಫ್ಲೂಆಕ್ಸೆಟಿನ್, ಸರ್ಟ್ರಲಿನ್ ಥರದ ಮಾತ್ರೆ ಕೊಡಬಹುದು. ಕೆಲವರಿಗೆ ನಾಲ್ಟ್ರೆಕ್ಸೋನ್ ನೆರವಾಗುತ್ತದೆ, ಅದಕ್ಕೆ ಮೊದಲು ಲಿವರ್ ಪರೀಕ್ಷೆ ಬೇಕು. ಮೆಡಿಕಲ್ ಶಾಪಿನಲ್ಲಿ ಕೇಳಿ ತಿನ್ನುವ ಮಾತ್ರೆಗಳಲ್ಲ ಇವು.

ಮದುವೆ ಇದಕ್ಕೆ ಔಷಧಿಯಲ್ಲ. ಮಾಡಿಕೊಳ್ಳಿ, ಬೇಡವೆನ್ನುವುದಿಲ್ಲ, ಚಟ ಬಿಡಿಸುವ ಕೆಲಸವನ್ನು ಬರುವ ಹುಡುಗಿಯ ತಲೆಗೆ ಕಟ್ಟಬೇಡಿ. ಆರು ತಿಂಗಳು ಮುಂದಕ್ಕೆ ಹಾಕಲು ಸಾಧ್ಯವಿದ್ದರೆ ಹಾಕಿ.

ಪ್ರಶ್ನೆ: ಸೋಮವಾರಪೇಟೆ ಕಡೆಯವಳು. ಮದುವೆಯಾಗಿ ಎಂಟು ವರ್ಷ, ಒಂದು ಮಗು. ನಮ್ಮ ಯಜಮಾನರ ಮೊಬೈಲಿನಲ್ಲಿ ಅಂಥ ವಿಡಿಯೊಗಳು ರಾಶಿ ಇರುವುದು ಗೊತ್ತಾಯಿತು. ನನ್ನ ಹತ್ತಿರ ಬಂದರೆ ಅರ್ಧದಲ್ಲೇ ಆಗುವುದಿಲ್ಲ ಎಂದು ಹೊರಳಿ ಮಲಗುತ್ತಾರೆ. ಹೆರಿಗೆಯ ನಂತರ ದಪ್ಪಗಾದೆ, ಅದಕ್ಕೇ ಇರಬೇಕು. ಈಗ ದಿನಾ ಅವರ ಫೋನ್ ಪರೀಕ್ಷೆ ಮಾಡುತ್ತೇನೆ, ದಿನಾ ಜಗಳ. ಏನು ಮಾಡಲಿ?

ಉತ್ತರ: ನಿಮ್ಮ ತೂಕಕ್ಕೂ ಇದಕ್ಕೂ ಸಂಬಂಧವಿಲ್ಲ. ಇಂಥ ಅಭ್ಯಾಸ ಬಹುಪಾಲು ಮದುವೆಗೆ ವರ್ಷಗಳ ಮೊದಲೇ ಬೇರೂರಿರುತ್ತದೆ.

‘ಅರ್ಧದಲ್ಲೇ ಆಗುವುದಿಲ್ಲ’ ಎಂಬುದಕ್ಕೆ ವಿಡಿಯೊವೇ ಕಾರಣ ಎಂದು ಈಗಲೇ ತೀರ್ಮಾನಿಸಬೇಡಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಸಿಗರೇಟು, ಕುಡಿತ, ಕೆಲವು ಮಾತ್ರೆ, ಇವೂ ನಿಮಿರುವಿಕೆ ಕೆಡಿಸುತ್ತವೆ. ಬೆಳಗಿನ ಜಾವ ತಾನಾಗಿ ನಿಮಿರುವುದು ಸರಿಯಿದ್ದು ನಿಮ್ಮ ಜೊತೆ ಮಾತ್ರ ಆಗದಿದ್ದರೆ ಕಾರಣ ಹೆಚ್ಚಾಗಿ ಆತಂಕ ಅಥವಾ ಅಭ್ಯಾಸ. ವರ್ಷಗಟ್ಟಲೆ ಬಿಗಿ ಹಿಡಿತದಲ್ಲಿ, ಒಂದೇ ವೇಗದಲ್ಲಿ, ಪರದೆ ನೋಡುತ್ತ ಮಾಡಿಕೊಂಡ ಮೈಗೆ ಸಹಜ ಸ್ಪರ್ಶ ಮೆದುವಾಗಿ ತೋರುತ್ತದೆ. ಒಂದು ಸಲ ಸೋತ ಗಂಡಸು ಮುಂದಿನ ಸಲ ‘ಇವತ್ತೂ ಆಗದಿದ್ದರೆ’ ಎಂಬ ಹೆದರಿಕೆಯಲ್ಲೇ ಬರುತ್ತಾನೆ, ಹೆದರಿಕೆಯೇ ಸೋಲಿಸುತ್ತದೆ. ಆಮೇಲೆ ಯಾರೂ ಅಳೆಯದ ಮೊಬೈಲೇ ಸಲೀಸು. ಲೈಂಗಿಕ ಚಿಕಿತ್ಸಕರು ಮೊದಲ ನಾಲ್ಕಾರು ವಾರ ಸಂಭೋಗವನ್ನೇ ನಿಲ್ಲಿಸಿ ಬರೀ ಸ್ಪರ್ಶಕ್ಕೆ ಸಮಯ ಕೊಡಲು ಹೇಳುವುದು ಈ ಪರೀಕ್ಷೆಯ ಭಯ ತೆಗೆಯಲಿಕ್ಕೆ. ಮೊದಲು ಸಕ್ಕರೆ, ಬಿಪಿ ಪರೀಕ್ಷೆ ಆಗಲಿ. ‘ಡಾಕ್ಟರ ಹತ್ತಿರ ಬಿಪಿ ನೋಡಿಸೋಣ’ ಎಂದರೆ ಬರುವ ಗಂಡಸು ‘ನಿಮ್ಮ ಚಟ ತೋರಿಸೋಣ’ ಎಂದರೆ ಬರುವುದಿಲ್ಲ.

ಫೋನ್ ತಪಾಸಣೆ ನಿಲ್ಲಿಸಿ. ಅದರಿಂದ ಅವರು ಬಿಡುವುದಿಲ್ಲ, ಅಡಗಿಸುವುದನ್ನು ಕಲಿಯುತ್ತಾರೆ. ನಿಮ್ಮ ನಿದ್ದೆಯೂ ಹೋಗುತ್ತದೆ. ವಾರಕ್ಕೊಂದು ಸಲ, ಮಗು ಮಲಗಿದ ಮೇಲೆ, ಹಾಸಿಗೆಯಲ್ಲಲ್ಲದೆ ಊಟದ ಮೇಜಿನಲ್ಲಿ ಇಪ್ಪತ್ತು ನಿಮಿಷ ಕೂತುಕೊಳ್ಳಿ. ‘ಈ ವಾರ ಹೇಗಿತ್ತು’ ಎಂದು ಕೇಳಿ, ಅವರೇ ಹೇಳಲಿ. ಸಂಖ್ಯೆ ಸಾಕು. ಯಾವ ವಿಡಿಯೊ, ಯಾರು, ಹೇಗಿದ್ದಳು ಎಂಬ ವಿವರ ಕೇಳಬೇಡಿ. ಕೇಳಿದ್ದು ತಲೆಯಿಂದ ಹೋಗುವುದಿಲ್ಲ. ಹೇಳಿದ ಸತ್ಯಕ್ಕೆ ಆ ಮೇಜಿನಲ್ಲಿ ಜಗಳ ಬೇಡ.

ಹಾಗೆಂದು ಎಲ್ಲವನ್ನೂ ಸಹಿಸಿ ಎನ್ನುತ್ತಿಲ್ಲ. ಮಗುವಿನ ಕೈಗೆ ಸಿಗುವ ಫೋನಿನಲ್ಲಿ ಅವು ಇರಬಾರದು, ವಿಡಿಯೊದಲ್ಲಿ ಕಂಡದ್ದನ್ನು ನಿಮ್ಮ ಮೇಲೆ ಬಲವಂತ ಮಾಡಬಾರದು, ಮನೆಯ ಹಣ ಅದಕ್ಕೆ ಹೋಗಬಾರದು. ಈ ಮೂರರಲ್ಲಿ ರಾಜಿ ಬೇಡ. ಹೊರಗೆ ಸಂಬಂಧವಿತ್ತೆಂದು ಗೊತ್ತಾದರೆ ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಕೇಂದ್ರದಲ್ಲಿ ಇಬ್ಬರೂ ಎಚ್‌ಐವಿ ಪರೀಕ್ಷೆ ಮಾಡಿಸಿ, ಉಚಿತ ಮತ್ತು ಗೋಪ್ಯ. ಸಿಫಿಲಿಸ್ ಪರೀಕ್ಷೆಯನ್ನೂ ಕೇಳಿ. ಈಗ ಒಮ್ಮೆ, ಮೂರು ತಿಂಗಳಾದ ಮೇಲೆ ಇನ್ನೊಮ್ಮೆ, ಅಲ್ಲಿಯವರೆಗೆ ಕಾಂಡೋಮ್.

ಪ್ರಶ್ನೆ: ವಯಸ್ಸು 19, ಕುಶಾಲನಗರ. ಒಂದು ಹನಿ ವೀರ್ಯಕ್ಕೆ 40 ಹನಿ ರಕ್ತ ಎನ್ನುತ್ತಾರೆ. ಹಸ್ತಮೈಥುನದಿಂದ ಸುಸ್ತು, ಕೆನ್ನೆ ಒಳಗೆ ಹೋಗಿದೆ, ಮೂತ್ರದಲ್ಲಿ ಬಿಳಿ ಹೋಗುತ್ತದೆ. ಲಾಡ್ಜಿಗೆ ಬರುವ ವೈದ್ಯರೊಬ್ಬರು 6,000 ರೂಪಾಯಿಗೆ ಪುಡಿ ಕೊಟ್ಟರು. ಇನ್ನೂ ಮೂರು ತಿಂಗಳು ತಿನ್ನಬೇಕಂತೆ.

ಉತ್ತರ: ಪುಡಿ ನಿಲ್ಲಿಸಿ. ಒಳಗೇನಿದೆ ಎಂದು ಬರೆಯದ ಪುಡಿ ಯಾವುದೂ ಹೊಟ್ಟೆಗೆ ಹೋಗಬಾರದು.

ಒಂದು ಸಲಕ್ಕೆ ಹೋಗುವ ವೀರ್ಯ 2ರಿಂದ 5 ಮಿ.ಲೀ., ಒಂದು ಟೀ ಚಮಚದೊಳಗೆ. ಬಹುಪಾಲು ನೀರು, ಜೊತೆಗೆ ಸ್ವಲ್ಪ ಸಕ್ಕರೆ, ಪ್ರೋಟೀನು, ಲವಣ. ಅದು ರಕ್ತದಿಂದ ಬಟ್ಟಿಯಿಳಿಸಿದ್ದಲ್ಲ, ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿ ಸ್ರವಿಸುವ ದ್ರವ. ವೃಷಣದಲ್ಲಿ ವೀರ್ಯಾಣು ದಿನವೂ ತಯಾರಾಗುತ್ತದೆ. ಹೊರಗೆ ಹೋಗದ್ದನ್ನು ದೇಹವೇ ಕರಗಿಸಿಕೊಳ್ಳುತ್ತದೆ ಅಥವಾ ನಿದ್ದೆಯಲ್ಲಿ ಹೋಗುತ್ತದೆ. ಕೂಡಿಡುವ ಕೋಠಿ ಇಲ್ಲ. ಈ ಭಯದಿಂದಲೇ ಸುಸ್ತು, ಮೈಕೈ ನೋವು, ಬೇಸರ ಬರುವುದನ್ನು ಭಾರತದ ಮನೋವೈದ್ಯ ಎನ್. ಎನ್. ವಿಗ್ 1960ರಲ್ಲಿ ‘ಧಾತು ಸಿಂಡ್ರೋಮ್’ ಎಂದು ಗುರುತಿಸಿದರು. ಸುಸ್ತು ಸುಳ್ಳಲ್ಲ, ಕಾರಣ ಬೇರೆ. ರಾತ್ರಿ ಎಷ್ಟು ಗಂಟೆಗೆ ಮಲಗುತ್ತೀರಿ, ಬೆಳಗ್ಗೆ ತಿಂಡಿ ತಿನ್ನುತ್ತೀರಾ ಎಂದು ಮೊದಲು ನೋಡಿಕೊಳ್ಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ಮತ್ತು ಮೂತ್ರ ಪರೀಕ್ಷೆ ಮಾಡಿಸಿ. ಮೂತ್ರ ಕೆಲವೊಮ್ಮೆ ಲವಣಗಳಿಂದಲೇ ಬೆಳ್ಳಗೆ ಕಾಣುತ್ತದೆ. ಉರಿ, ಕೀವು ಇದ್ದರೆ ಸೋಂಕು, ಅದಕ್ಕೆ ಔಷಧಿ ಇದೆ.

ಪ್ರಶ್ನೆ: ನಾನು ಹೆಣ್ಣು, 31. ಬೆಂಗಳೂರಿನ ಕಂಪನಿಯ ಕೆಲಸ ಮಡಿಕೇರಿಯ ಮನೆಯಿಂದಲೇ ಮಾಡುತ್ತೇನೆ. ರಾತ್ರಿ ಅಪರಿಚಿತರ ಜೊತೆ ಲೈಂಗಿಕ ಚಾಟ್ ಮಾಡುವ ಗೀಳು. ಬಿಡುತ್ತೇನೆ, ಮತ್ತೆ ಹೊಸ ಖಾತೆ ತೆರೆಯುತ್ತೇನೆ. ಈಗ ಒಬ್ಬ ನನ್ನ ಫೋಟೊ ಇಟ್ಟುಕೊಂಡು 20,000 ಕೇಳುತ್ತಿದ್ದಾನೆ. ಹೆಂಗಸರಿಗೂ ಇದು ಬರುತ್ತದಾ?

ಉತ್ತರ: ಬರುತ್ತದೆ. ನಾಚಿಕೆ ಹೆಚ್ಚಾದ್ದರಿಂದ ಹೇಳುವವರು ಕಡಿಮೆ.

ಮೊದಲು ಬೆದರಿಕೆ. ಒಂದು ರೂಪಾಯಿಯನ್ನೂ ಕೊಡಬೇಡಿ, ಕೊಟ್ಟವರ ಹತ್ತಿರ ಮತ್ತೆ ಕೇಳುತ್ತಾರೆ. ಚಾಟ್ ಅಳಿಸಬೇಡಿ. ಅವನ ಖಾತೆಯ ಹೆಸರು, ನಂಬರು, ಯುಪಿಐ ಐಡಿ, ಬೆದರಿಕೆಯ ಮಾತು, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದುಕೊಂಡು ಆಮೇಲೆ ಬ್ಲಾಕ್ ಮಾಡಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಹೆಂಗಸರ, ಮಕ್ಕಳ ಕುರಿತ ದೂರಿಗೆ ಅಲ್ಲಿ ಬೇರೆಯೇ ವಿಭಾಗವಿದೆ. ಹಣ ಈಗಾಗಲೇ ಹೋಗಿದ್ದರೆ ಮೊದಲು 1930ಕ್ಕೆ ಕರೆ ಮಾಡಿ, ತಡಮಾಡಿದಷ್ಟೂ ಹಣ ಸಿಗುವುದು ಕಷ್ಟ. ‘ಸ್ಟಾಪ್‌ಎನ್‌ಸಿಐಐ’ ಎಂಬ ತಾಣದಲ್ಲಿ ನಿಮ್ಮ ಫೋಟೊ ಎಲ್ಲಿಗೂ ಕಳಿಸದೆ, ಅದರ ಡಿಜಿಟಲ್ ಗುರುತನ್ನಷ್ಟೇ ತಯಾರಿಸಿ ಕೊಡಬಹುದು. ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಸೇರಿಕೊಂಡಿರುವ ವೇದಿಕೆಗಳು ಆ ಚಿತ್ರವನ್ನು ಪತ್ತೆ ಹಚ್ಚಿ ತಡೆಯುತ್ತವೆ. ಮನೆಯಲ್ಲಿ ನಂಬುವ ಒಬ್ಬರಿಗೆ ಈಗಲೇ ಹೇಳಿಬಿಡಿ. ಬೆದರಿಸುವವನ ಬಂಡವಾಳ ನಿಮ್ಮ ಗುಟ್ಟು ಒಂದೇ.

ಗೀಳಿನ ವಿಷಯಕ್ಕೆ ಮೊದಲ ಪತ್ರದ ಪುಸ್ತಕ, ತುಡಿತ ಕಾಯುವ ವಿಧಾನ ನಿಮಗೂ ಹೊಂದುತ್ತವೆ. ಒಂದು ಕಾಲಂ ಹೆಚ್ಚು ಹಾಕಿ: ‘ಇವತ್ತು ಮನೆಯವರನ್ನು ಬಿಟ್ಟು ಯಾರ ಜೊತೆ ಎದುರುಬದುರು ಮಾತಾಡಿದೆ?’ ಚಾಟ್‌ನಲ್ಲಿ ಎಳೆಯುವುದು ಎಷ್ಟೋ ಸಲ ಕಾಮಕ್ಕಿಂತ ‘ಯಾರಿಗೋ ನಾನು ಬೇಕು’ ಎಂಬ ಭಾವ. ದಿನವಿಡೀ ಒಂದೇ ಕೋಣೆ, ಒಂದೇ ಲ್ಯಾಪ್‌ಟಾಪು, ಕಿಟಕಿಯಾಚೆ ಮಂಜು. ಕೆಲಸದ ಮೇಜೇ ರಾತ್ರಿ ಚಾಟಿನ ಮೇಜು ಆಗಿದ್ದರೆ ಜಾಗ ಬದಲಿಸಿ. ಸಂಜೆ ಆರಕ್ಕೆ ಲ್ಯಾಪ್‌ಟಾಪ್ ಮುಚ್ಚಿ ಹೊರಗೆ ಕಾಲಿಡುವ ಕಾರಣವೊಂದನ್ನು ಹುಟ್ಟುಹಾಕಿಕೊಳ್ಳಿ, ಹಾಲು ತರುವುದಾದರೂ ಸರಿ. ಚಿಕ್ಕಂದಿನಲ್ಲಿ ಯಾರಾದರೂ ಲೈಂಗಿಕವಾಗಿ ಹಿಂಸಿಸಿದ್ದರೆ ಅದನ್ನು ಒಬ್ಬರೇ ಕೆದಕಬೇಡಿ, ಆ ಗಾಯಕ್ಕೆ ತರಬೇತಿ ಪಡೆದವರೇ ಬೇಕು.

ಪ್ರಶ್ನೆ: ನಮ್ಮ ಮಾವನಿಗೆ 66, ಸೈನ್ಯದಿಂದ ನಿವೃತ್ತರು, ಶಿಸ್ತಿನ ಮನುಷ್ಯ. ನಾಪೋಕ್ಲು ಹತ್ತಿರ ಮನೆ. ಎರಡು ವರ್ಷದಿಂದ ಪಾರ್ಕಿನ್ಸನ್ ಕಾಯಿಲೆಗೆ ಮಾತ್ರೆ. ಕಳೆದ ಐದಾರು ತಿಂಗಳಿಂದ ದಿನವಿಡೀ ಅಶ್ಲೀಲ ವಿಡಿಯೊ, ಅತ್ತೆಯನ್ನು ರಾತ್ರಿ ಕಾಡುತ್ತಾರಂತೆ, ಇಸ್ಪೀಟಿನಲ್ಲಿ ಹಣವೂ ಹೋಗಿದೆ. ಮನೆಯಲ್ಲಿ ಎಲ್ಲರೂ ತಲೆತಗ್ಗಿಸಿದ್ದೇವೆ.

ಉತ್ತರ: ತಲೆ ಎತ್ತಿ, ಇದು ಅವರ ಗುಣ ಕೆಟ್ಟದ್ದಲ್ಲದಿರಬಹುದು. ಪಾರ್ಕಿನ್ಸನ್‌ಗೆ ಕೊಡುವ ಪ್ರಾಮಿಪೆಕ್ಸೋಲ್, ರೊಪಿನಿರೋಲ್ ಥರದ ಮಾತ್ರೆಗಳು ಡೋಪಮೈನ್ ಮಾಡುವ ಕೆಲಸವನ್ನೇ ಮೆದುಳಿನಲ್ಲಿ ಮಾಡುತ್ತವೆ. ಕೈನಡುಕ ಕಡಿಮೆಯಾಗುವುದು ಅದರಿಂದಲೇ. ಕೆಲವರಲ್ಲಿ ಅದೇ ಮಾತ್ರೆ ‘ಬೇಕು’ ಎನ್ನುವ ಏರ್ಪಾಡನ್ನು ಮಿತಿಮೀರಿ ಕೆದಕಿ ಕಾಮ, ಜೂಜು, ಖರೀದಿ, ತಿನ್ನುವುದು ಇವುಗಳ ಗೀಳು ಹಚ್ಚುತ್ತದೆ. ಕಾಮ ಮತ್ತು ಇಸ್ಪೀಟು ಎರಡೂ ಒಟ್ಟಿಗೆ ಶುರುವಾಗಿದೆ ಎಂಬುದು ಈ ಅನುಮಾನವನ್ನು ಬಲಪಡಿಸುತ್ತದೆ. ಮಾತ್ರೆ ಶುರುಮಾಡಿ ತಿಂಗಳುಗಳು, ವರ್ಷಗಳಾದ ಮೇಲೂ, ಪ್ರಮಾಣ ಏರಿಸಿದಾಗಲೂ ಇದು ಬರಬಹುದು. ಮನೋರೋಗಗಳಿಗೆ ಕೊಡುವ ಅರಿಪಿಪ್ರಜೋಲ್‌ನಲ್ಲೂ ಅಪರೂಪಕ್ಕೆ ಕಂಡದ್ದುಂಟು.

ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಒಮ್ಮೆಲೇ ನಿಲ್ಲಿಸಿದರೆ ಮೈ ಬಿಗಿದು ಏಳಲಾಗದೆ ಹೋಗಬಹುದು, ವಿಪರೀತ ಆತಂಕ, ಬೆವರು, ಖಿನ್ನತೆ ಬರಬಹುದು. ಪ್ರಮಾಣ ಇಳಿಸುವುದು, ಬದಲಿ ಮಾತ್ರೆ ಕೊಡುವುದು ನರರೋಗ ತಜ್ಞರ ಕೆಲಸ. ಇಳಿಸಿದ ಮೇಲೆ ಗೀಳು ಬಹಳ ಮಟ್ಟಿಗೆ ಕಡಿಮೆಯಾಗುವುದೇ ಹೆಚ್ಚು. ಆಗದಿದ್ದರೆ, ಅಥವಾ ಮರೆವು, ಮಾತಿನ ಹಿಡಿತ ತಪ್ಪುವುದು ಕಂಡರೆ, ಮೆದುಳಿನ ಮುಂಭಾಗ ಸವೆಯುವ ಕಾಯಿಲೆ ಇದೆಯೇ ಎಂದು ಸ್ಕ್ಯಾನ್ ಮಾಡಿ ನೋಡುತ್ತಾರೆ. ಅಲ್ಲಿಯವರೆಗೆ ಬ್ಯಾಂಕಿನ ಪಾಸ್‌ಬುಕ್ಕು, ಎಟಿಎಂ ಕಾರ್ಡು ಅತ್ತೆಯ ಹತ್ತಿರ ಇರಲಿ, ಅತ್ತೆ ಬೇರೆ ಕೋಣೆಯಲ್ಲಿ ಮಲಗಲಿ.

ಮಾವನವರು ತಾವಾಗಿ ಡಾಕ್ಟರಿಗೆ ಹೇಳುವುದಿಲ್ಲ, ಡಾಕ್ಟರು ಕೇಳದೆಯೂ ಇರಬಹುದು. ಎದುರಲ್ಲಿ ಹೇಳಲು ಮುಜುಗರವಾದರೆ ಒಂದು ಹಾಳೆಯಲ್ಲಿ ಬರೆದು ಚೀಟಿಯ ಜೊತೆ ಒಳಗೆ ಕಳಿಸಿ: ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಯಾವ ತಿಂಗಳು ಶುರು, ಯಾವಾಗ ಏರಿಸಿದರು, ಈ ನಡವಳಿಕೆ ಮೊದಲು ಕಂಡದ್ದು ಯಾವಾಗ. ಈಗ ತಿನ್ನುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನೂ, ಹೆಸರು ಕಾಣುವ ಭಾಗ ಹರಿಯದಂತೆ, ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ.